ಹೊಲಿಗೆ ಬಿದ್ದ ನಾಯಿಗೆ ಕೋನೋ, ಗಾಳಿ ಕಾಲರೋ?

ನಮ್ಮ ಮುಧೋಳ ನಾಯಿ ಬೇಲಿ ಹಾರಲು ಹೋಗಿ ತಂತಿಗೆ ಪಾದ ಸೀಳಿಕೊಂಡಿತು. ಹೊಲಿಗೆ ಬಿಚ್ಚುವವರೆಗೆ, ಅಂದರೆ ಸಾಮಾನ್ಯವಾಗಿ 10ರಿಂದ 14 ದಿನ, ಗಾಯ ನೆಕ್ಕದ ಹಾಗೆ ಕಾಯಬೇಕು. ಓಡಾಡುವ ನಾಯಿಗೆ ಇದೇ ಶಿಕ್ಷೆ, ನಮಗೂ.

ಕುತ್ತಿಗೆ ಸುತ್ತ ಹಾಕುವ, ಲಾಳಿಕೆಯಂಥ ಪ್ಲಾಸ್ಟಿಕ್ ಕೋನ್ ಬಾಗಿಲಿಗೆಲ್ಲ ಬಡಿಯುತ್ತದೆ, ನಮ್ಮ ಮೊಣಕಾಲಿಗಂತೂ ಜಾಸ್ತಿ. ಆದರೆ ಅದರ ಅಂಚು ಮೂಗಿನ ತುದಿಗಿಂತ ಸ್ವಲ್ಪ ಮುಂದಿದ್ದರೆ ಗಾಯಕ್ಕೆ ನಾಲಿಗೆ ತಲುಪುವುದು ಕಷ್ಟ.

ಗಾಳಿ ತುಂಬುವ ಕಾಲರ್‌ನಲ್ಲಿ ಊಟ, ನಿದ್ದೆ ಸಲೀಸು. ಆದರೆ ಇಂಥ ಉದ್ದ ಮೂತಿಯ ನಾಯಿಗೆ ಪಾದ ಸುಲಭವಾಗಿ ಸಿಕ್ಕಿಬಿಡುತ್ತದೆ. ಉಗುರು ತಾಗಿ ಗಾಳಿ ಹೋದರೆ ಮುಗೀತು. ಹೊಟ್ಟೆಯ ಹೊಲಿಗೆಯಾಗಿದ್ದರೆ ಹಳೇ ಟೀ ಶರ್ಟ್ ಕೂಡ ನಡೆಯುತ್ತಿತ್ತು ಅಲ್ವಾ?

ಪಾದದ ಗಾಯಕ್ಕೆ ನನ್ನ ಆಯ್ಕೆ ಕೋನ್. ಊಟದ ಹೊತ್ತಿಗೆ ಪಕ್ಕದಲ್ಲೇ ಕೂತು ತೆಗೆಯುತ್ತೇನೆ, ತಟ್ಟೆ ಖಾಲಿಯಾದ ತಕ್ಷಣ ಮತ್ತೆ ಹಾಕುತ್ತೇನೆ.