ಅಮ್ಮನ ಮೀನಖಂಡ ಹಿಡಿದುಕೊಂಡರೆ: ಮಾತ್ರೆಯೋ, ಗೋಡೆಯೋ?

ವಜ್ರಾಸನದಲ್ಲಿ ಕೂತ ಅಮ್ಮನ ಮೀನಖಂಡ ಥಟ್ಟನೆ ಹಿಡಿದುಕೊಳ್ಳುತ್ತದೆ, ಅಲ್ವಾ? ಮೆಗ್ನೀಸಿಯಂ ಮಾತ್ರೆ ತರುವುದು ಸುಲಭ. ಆದರೆ ವಯಸ್ಸಾದವರ ಸೆಳೆತಕ್ಕೆ ಅದರಿಂದ ಜಾಸ್ತಿ ಲಾಭ ಅಧ್ಯಯನಗಳಲ್ಲಿ ಕಂಡಿಲ್ಲ. ಭೇದಿ ಆಗಬಹುದು. ಕಿಡ್ನಿ ತೊಂದರೆ ಇದ್ದರೆ ಡಾಕ್ಟರನ್ನು ಕೇಳದೆ ಬೇಡವೇ ಬೇಡ.

ನನ್ನ ಮತ ಗೋಡೆಗೆ, ಅಂದರೆ ಗೋಡೆ ಹಿಡಿದು ಮೀನಖಂಡ ಹಿಗ್ಗಿಸುವ ವ್ಯಾಯಾಮಕ್ಕೆ. ಎರಡೂ ಕೈ ಗೋಡೆಗೆ ಊರಿ, ಒಂದು ಕಾಲು ಹಿಂದಿಡಬೇಕು. ಆ ಮಂಡಿ ನೇರ ಇರಲಿ, ಹಿಮ್ಮಡಿ ನೆಲ ಬಿಡಬಾರದು. 20–30 ಸೆಕೆಂಡು ತಡೆದು ಕಾಲು ಬದಲಿಸಿ, ಮೂರು ಸಲ. ಯೋಗಕ್ಕೆ ಮುಂಚೆ, ರಾತ್ರಿ ಮಲಗುವ ಮುಂಚೆಯೂ. ಖರ್ಚಿಲ್ಲ, ಆದರೆ ಕೆಲವು ವಾರ ಬಿಡದೆ ಮಾಡಬೇಕು.

ಕಲಬುರಗಿಯ ಮೇ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಬೇಗ ಅಭ್ಯಾಸ ಮುಗಿಸಿ, ನೀರು ಮಜ್ಜಿಗೆ ಕೊಡಿ. ಬಿಪಿ ಇದ್ದರೆ ಉಪ್ಪು ಕಡಿಮೆ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯಿಂದಲೂ ಕಾಲು ಹಿಡಿಯಬಹುದು. ಅದನ್ನು ಸುಮ್ನೆ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ.