‘ಶಿಕ್ಷಕರಿಗೆ ಎಂದೆಂದಿಗೂ ಉಚಿತ’ ಎಂದ ಆ್ಯಪ್‌ನಲ್ಲಿ ನಮ್ಮ ಮಕ್ಕಳ ಕೆಲಸ ಸಿಕ್ಕಿಹಾಕಿಕೊಂಡಿತು

ತರಗತಿಗೆ ಹೊಸ ಆ್ಯಪ್ ತರಬೇಕು ಅಂತ ಹುಡುಕುತ್ತಿರುವ ಶಿಕ್ಷಕರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಕ್ಕಳ ಬರಹ, ಚಿತ್ರ, ದನಿ ಎಲ್ಲವನ್ನೂ ಒಂದೇ ಕಡೆ ಜೋಡಿಸಿಡುವ ಡಿಜಿಟಲ್ ನೋಟ್‌ಬುಕ್ ತರದ ಆ್ಯಪ್ ನಿಮ್ಮ ಮನಸ್ಸಿನಲ್ಲಿದ್ದರೆ ಇನ್ನೂ ಗಮನ ಇಟ್ಟು ಓದಿ. ಆ ಕಂಪನಿಯ ಹೆಸರು ಬರೆಯುವುದಿಲ್ಲ. ಒಂದರ ಹೆಸರು ಹೇಳಿದರೆ ಉಳಿದವು ಸುರಕ್ಷಿತ ಅಂತ ಯಾರಾದರೂ ಅಂದುಕೊಳ್ಳಬಹುದು.

ನಾನು ವಿಜ್ಞಾನ ಕಲಿಸುತ್ತೇನೆ. ಮಕ್ಕಳು ಪ್ರಯೋಗ ಮಾಡುತ್ತಾ ಮಾಡುತ್ತಾ ಫೋಟೋ ತೆಗೆದು, ನಾಲ್ಕು ಸಾಲು ಬರೆದು, ಬರೆಯೋಕೆ ಕಷ್ಟ ಆದವರು ಮಾತಾಡಿ ರೆಕಾರ್ಡ್ ಮಾಡಿ ಇಡುವ ಒಂದು ಜಾಗ ಬೇಕಿತ್ತು. ಈ ಆ್ಯಪ್ ಅದಕ್ಕೆ ಚೆನ್ನಾಗಿ ಹೊಂದುತ್ತಿತ್ತು. ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ‘ಶಿಕ್ಷಕರಿಗೆ ಎಂದೆಂದಿಗೂ ಉಚಿತ’ ಅಂತ ಇತ್ತು. ಶುರು ಮಾಡುವ ಮುಂಚೆ ಡೌನ್‌ಲೋಡ್ ಬಟನ್ ಒತ್ತಿ ನೋಡಿದ್ದೆ. ಫೋಟೋಗಳು ಬೇರೆ ಬೇರೆಯಾಗಿ, ದನಿ ಎಂಪಿ3 ಫೈಲ್ ಆಗಿ ಸರಿಯಾಗಿಯೇ ಇಳಿದವು. ಮುಖ್ಯ ಶಿಕ್ಷಕರಿಗೆ ತಿಳಿಸಿದ್ದೆ, ಪೋಷಕರಿಂದ ಒಪ್ಪಿಗೆ ಪತ್ರ ತರಿಸಿದ್ದೆ. ‘ತರಗತಿಯವರಿಗೆ ಮಾತ್ರ ಕಾಣಲಿ’ ಎಂಬ ಆಯ್ಕೆಯನ್ನೂ ಮಾಡಿದ್ದೆ.

ಮಕ್ಕಳಿಗೆ ಅದು ತುಂಬಾ ಹಿಡಿಸಿತು. ತರಗತಿಯಲ್ಲಿ ಬಾಯಿಯೇ ಬಿಡದ ಒಬ್ಬ ಹುಡುಗಿ ಇದ್ದಳು. ಎರಡು ಲೋಟದಲ್ಲಿ ಹೆಸರುಕಾಳು ಮೊಳಕೆ ಬರಿಸಿ, ಒಂದನ್ನು ಕಿಟಕಿ ಹತ್ತಿರ, ಇನ್ನೊಂದನ್ನು ಕತ್ತಲೆಯ ಕಪಾಟಿನಲ್ಲಿ ಇಡುವ ಪ್ರಯೋಗ ಅವಳದು. ದಿನಾ ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೋ ತೆಗೆಯುತ್ತಿದ್ದಳು. ಆಮೇಲೆ ಮೆಲ್ಲಗೆ ಮಾತಾಡಿ ರೆಕಾರ್ಡ್ ಮಾಡುತ್ತಿದ್ದಳು. ‘ಕಪಾಟಿನಲ್ಲಿರೋದೇ ಉದ್ದ ಬೆಳೆದಿದೆ ಮಿಸ್, ಆದ್ರೆ ಹಳದಿ ಬಣ್ಣ ಇದೆ, ಕಾಂಡ ನಿಲ್ತಾನೇ ಇಲ್ಲ’ ಅಂತ ಶುರುವಾಗಿದ್ದು, ಕೊನೆಗೆ ‘ಬೆಳಕು ಸಿಗೋವರೆಗೂ ಉದ್ದ ಆಗ್ತಾ ಹೋಗುತ್ತೇನೋ, ಇರೋ ಶಕ್ತಿಯೆಲ್ಲ ಅದಕ್ಕೇ ಖರ್ಚಾಗುತ್ತೇನೋ’ ಅನ್ನುವವರೆಗೆ ಹೋಯಿತು. ಯಾರೂ ಹೇಳಿಕೊಟ್ಟಿರಲಿಲ್ಲ. ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ಇಂಥದ್ದು ಸಿಗುವುದಿಲ್ಲ. ಪೋಷಕರ ಸಭೆಯಲ್ಲಿ ಅವಳ ಅಪ್ಪ ಅಮ್ಮನಿಗೆ ಕೇಳಿಸಬೇಕು ಅಂತಿದ್ದೆ.

ಅಷ್ಟರಲ್ಲಿ, ಶಾಲಾ ವರ್ಷದ ನಡುವೆ, ಕಂಪನಿಯಿಂದ ಒಂದು ಮೇಲ್ ಬಂತು. ‘ನಿಮ್ಮ ಅನುಭವವನ್ನು ಇನ್ನಷ್ಟು ಉತ್ತಮಪಡಿಸುತ್ತಿದ್ದೇವೆ’ ಅಂತ ಶೀರ್ಷಿಕೆ. ಒಳಗೆ ಕೆಳಗಡೆ ಇದ್ದ ವಿಷಯ ಬೇರೆ. ಉಚಿತ ಖಾತೆಯಲ್ಲಿ ಇನ್ನು ಮುಂದೆ ಕೆಲವೇ ನೋಟ್‌ಬುಕ್‌ಗೆ ಅವಕಾಶ. ಉಳಿದವು ‘ಸುರಕ್ಷಿತವಾಗಿ ಲಾಕ್’ ಆಗಿರುತ್ತವೆ. ಡೌನ್‌ಲೋಡ್ ಸೌಲಭ್ಯ ಹಣ ಕೊಟ್ಟವರಿಗೆ. ಸರಿ, ಹಣ ಕೊಡೋಣ ಅಂದರೆ ಒಬ್ಬ ಶಿಕ್ಷಕರಿಗೆ ಅಂತ ಯೋಜನೆಯೇ ಇರಲಿಲ್ಲ. ಇಡೀ ಶಾಲೆ ವರ್ಷದ ಒಪ್ಪಂದ ಮಾಡಿಕೊಳ್ಳಬೇಕು. ‘ಎಂದೆಂದಿಗೂ ಉಚಿತ’ ಎಂಬ ಸಾಲು ಮಾತ್ರ ಮೊದಲ ಪುಟದಲ್ಲಿ ಹಾಗೇ ಇತ್ತು. ಖಾತೆ ಉಚಿತವೇ. ಆ ಖಾತೆಯಲ್ಲಿ ನಮ್ಮ ಮಕ್ಕಳು ಇಟ್ಟ ಕೆಲಸ ವಾಪಸ್ ಪಡೆಯುವುದು ಉಚಿತ ಅಲ್ಲ.

ಮರುದಿನ ಮಕ್ಕಳು ಲಾಗಿನ್ ಆದಾಗ ತಮ್ಮ ನೋಟ್‌ಬುಕ್‌ನ ಹೆಸರು ಕಾಣುತ್ತಿತ್ತು, ಮೇಲೆ ಒಂದು ಬೀಗದ ಚಿತ್ರ. ಒತ್ತಿದರೆ ‘ನಿಮ್ಮ ಶಿಕ್ಷಕರಿಗೆ ಅಪ್‌ಗ್ರೇಡ್ ಮಾಡಲು ಹೇಳಿ’ ಅಂತ ಬರುತ್ತಿತ್ತು. ಚಿಕ್ಕ ಮಕ್ಕಳ ಕೈಯಲ್ಲಿ ಹೀಗೆ ಕೇಳಿಸುವುದು ನನಗೆ ಅತ್ಯಂತ ನೋವು ಕೊಟ್ಟ ವಿಷಯ. ‘ಮಿಸ್, ಅಪ್‌ಗ್ರೇಡ್ ಮಾಡಿ’ ಅಂತ ಮಕ್ಕಳು ನನ್ನ ಮುಂದೆ ನಿಂತರು. ಅವರಿಗೆ ಏನು ಹೇಳೋದು?

ಸಹಾಯ ವಿಭಾಗಕ್ಕೆ ಬರೆದೆ. ಮೊದಮೊದಲು ಯಂತ್ರದ ಉತ್ತರಗಳೇ ಬಂದವು. ಬಿಡದೆ ಬರೆದ ಮೇಲೆ ಒಬ್ಬರು ಇಡೀ ತರಗತಿಯ ಕೆಲಸವನ್ನು ಒಂದೇ ಪಿಡಿಎಫ್ ಮಾಡಿ ಕಳಿಸಿದರು. ಅದನ್ನು ತೆರೆದು ನೋಡಿದಾಗ ಗೊತ್ತಾಯಿತು, ‘ಡೇಟಾ ಕೊಟ್ಟಿದ್ದೇವೆ’ ಅನ್ನುವುದಕ್ಕೂ ಕೆಲಸಕ್ಕೆ ಬರುವ ಹಾಗೆ ಕೊಡುವುದಕ್ಕೂ ಎಷ್ಟು ದೂರ ಅಂತ. ಫೋಟೋಗಳು ಬೆರಳಿನುಗುರಿನಷ್ಟಕ್ಕೆ ಕುಗ್ಗಿದ್ದವು. ಅಳತೆಪಟ್ಟಿಯ ಗೆರೆ ಎಷ್ಟು ಹಿಗ್ಗಿಸಿದರೂ ಓದಲು ಬರುವುದಿಲ್ಲ. ಕನ್ನಡದಲ್ಲಿ ಬರೆದ ಸಾಲುಗಳಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆಲ್ಲಿಹೋಗಿದ್ದವು, ಕೆಲವು ಕಡೆ ಬರೀ ಚೌಕಗಳು. ದನಿ ಇದ್ದ ಜಾಗದಲ್ಲಿ ಪುಟ್ಟ ಸ್ಪೀಕರ್ ಚಿತ್ರ ಇತ್ತು. ಒತ್ತಿದರೆ ಏನೂ ಇಲ್ಲ. ಅದು ಬರೀ ಚಿತ್ರ. ಆ ಹುಡುಗಿ ದಿನಾ ಮಾತಾಡಿದ್ದೆಲ್ಲ ಸಾಲಾಗಿ ಸ್ಪೀಕರ್ ಚಿತ್ರಗಳಾಗಿ ಉಳಿದಿತ್ತು.

ಇದರ ನಡುವೆ ಇನ್ನೊಂದು ವಿಷಯ ಬಯಲಾಯಿತು. ಲಾಕ್ ಆಗದ ಒಂದು ನೋಟ್‌ಬುಕ್‌ನ ಲಿಂಕನ್ನು ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ, ಲಾಗಿನ್ ಇಲ್ಲದೆ ತೆರೆದು ನೋಡಿದೆ. ತೆರೆಯಿತು! ಹೊಸ ಆವೃತ್ತಿ ಬಂದಾಗ ನಾನು ಮಾಡಿದ್ದ ಆಯ್ಕೆ ಅಳಿಸಿಹೋಗಿ ‘ಲಿಂಕ್ ಇರುವ ಯಾರಾದರೂ ನೋಡಬಹುದು’ ಅಂತ ಬದಲಾಗಿತ್ತು. ಮಗುವಿನ ಮುಖ, ದನಿ ಎರಡೂ ಅಲ್ಲಿ. ಅದರ ಬಗ್ಗೆ ಒಂದು ಮೇಲ್ ಕೂಡ ಬಂದಿರಲಿಲ್ಲ. ತಕ್ಷಣ ಮುಚ್ಚಿದೆ, ಪೋಷಕರಿಗೂ ಅದೇ ದಿನ ತಿಳಿಸಿದೆವು.

ಸಣ್ಣ ಕಂಪನಿ ಅಲ್ವಾ, ದೊಡ್ಡವರ ಹತ್ತಿರ ಹೋದರೆ ಹೀಗಾಗಲ್ಲ ಅಂತ ಒಬ್ಬ ಸಹೋದ್ಯೋಗಿ ಹೇಳಿದರು. ಒಪ್ಪುವುದು ಕಷ್ಟ. ಜಗತ್ತಿನಾದ್ಯಂತ ಶಿಕ್ಷಕರು ಬಳಸುತ್ತಿದ್ದ ಎಡ್ಮೋಡೋ ಎಂಬ ಆನ್‌ಲೈನ್ ತರಗತಿ ತಾಣ 2022ರಲ್ಲಿ ಬಾಗಿಲು ಹಾಕಿತು. ಎಲ್ಲರೂ ಕೂಡಿ ಬರೆಯಬಹುದಾಗಿದ್ದ ಗೂಗಲ್‌ನ ಡಿಜಿಟಲ್ ಬೋರ್ಡ್ ಜ್ಯಾಮ್‌ಬೋರ್ಡ್ 2024ರ ಅಕ್ಟೋಬರ್‌ನಲ್ಲಿ ಬರೀ ನೋಡಲು ಮಾತ್ರ ಎಂಬ ಸ್ಥಿತಿಗೆ ಬಂದು, ಆ ವರ್ಷದ ಕೊನೆಗೆ ನಿಂತೇಹೋಯಿತು. ಮಕ್ಕಳು ವಿಡಿಯೋದಲ್ಲಿ ಉತ್ತರ ಹೇಳುತ್ತಿದ್ದ ಫ್ಲಿಪ್ ಅನ್ನು ಮೈಕ್ರೋಸಾಫ್ಟ್ 2024ರಲ್ಲಿ ಪ್ರತ್ಯೇಕ ಆ್ಯಪ್ ಆಗಿ ನಿಲ್ಲಿಸಿತು. ಗೂಗಲ್ ಮೊದಲೇ ತಿಳಿಸಿ, ಬೋರ್ಡ್‌ಗಳನ್ನು ಪಿಡಿಎಫ್ ಮಾಡಿಕೊಳ್ಳಲು, ಬೇರೆ ಕಡೆ ಸಾಗಿಸಲು ದಾರಿ ಕೊಟ್ಟಿತು. ಅದನ್ನು ಒಪ್ಪಲೇಬೇಕು. ಆದರೂ ಅಲ್ಲಿ ಪಾಠ ಕಟ್ಟಿದ್ದ ಶಿಕ್ಷಕರು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.

ಮಕ್ಕಳ ಮಾಹಿತಿಯ ವಿಷಯದಲ್ಲೂ ಹಾಗೆಯೇ. 2023ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಎಡ್ಮೋಡೋ ಮೇಲೆ ಕ್ರಮ ಕೈಗೊಂಡಿತು. ಪೋಷಕರ ಒಪ್ಪಿಗೆ ಇಲ್ಲದೆ ಮಕ್ಕಳ ಮಾಹಿತಿ ಸಂಗ್ರಹಿಸಿ ಜಾಹೀರಾತಿಗೆ ಬಳಸಿದ್ದು, ಒಪ್ಪಿಗೆ ಪಡೆಯುವ ಹೊಣೆಯನ್ನು ಶಾಲೆ ಮತ್ತು ಶಿಕ್ಷಕರ ತಲೆಗೆ ಕಟ್ಟಿದ್ದು ಅದರ ಮೇಲಿದ್ದ ಆರೋಪ. ಎರಡನೆಯದನ್ನು ಇನ್ನೊಮ್ಮೆ ಓದಿ. ನಾವು ಸುಮ್ನೆ ‘ಒಪ್ಪಿದ್ದೇನೆ’ ಅಂತ ಒತ್ತುವ ಪುಟದಲ್ಲಿ ಆ ಹೊಣೆ ನಮ್ಮದಾಗಿಬಿಡುತ್ತದೆ. ಅದಕ್ಕೂ ಮುಂಚೆ, 2022ರಲ್ಲಿ, ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 49 ದೇಶಗಳ ಸರ್ಕಾರಗಳು ಕೊರೊನಾ ಕಾಲದಲ್ಲಿ ಶಿಫಾರಸು ಮಾಡಿದ್ದ ಕಲಿಕೆಯ ಆ್ಯಪ್ ಮತ್ತು ಜಾಲತಾಣಗಳನ್ನು ಪರಿಶೀಲಿಸಿತ್ತು. ನೂರಕ್ಕೆ ಸುಮಾರು 89ರಲ್ಲಿ ಮಕ್ಕಳ ಖಾಸಗಿತನಕ್ಕೆ ಅಪಾಯ ತರುವ ನಡೆ ಕಂಡಿತು. ಸರ್ಕಾರವೇ ಹೇಳಿದೆ ಅಂದ ಮಾತ್ರಕ್ಕೆ ನೆಮ್ಮದಿಯಾಗಿ ಇರುವ ಹಾಗಿಲ್ಲ.

ಹಾಗಾಗಿ ನಿಮ್ಮಲ್ಲಿ ನನ್ನ ವಿನಂತಿ ಇಷ್ಟೇ. ಆ್ಯಪ್ ಒಳಗೆ ಏನೇನು ಮಾಡಬಹುದು ಅಂತ ನೋಡುವುದಕ್ಕೂ ಮುಂಚೆ, ಅಲ್ಲಿಂದ ಹೊರಗೆ ಬರುವ ದಾರಿ ನೋಡಿ. ಒಂದು ಸಲ ನೋಡಿದರೆ ಸಾಲದು, ಆ ದಾರಿಯನ್ನು ಕಂಪನಿ ಯಾವತ್ತು ಬೇಕಾದರೂ ಮುಚ್ಚಬಹುದು. ಒಂದು ಸುಳ್ಳು ಹೆಸರಿನ ವಿದ್ಯಾರ್ಥಿಯನ್ನು ಸೇರಿಸಿ. ಆ ಖಾತೆಯಲ್ಲಿ ಒಂದು ಫೋಟೋ, ಒಂದು ರೆಕಾರ್ಡಿಂಗ್, ಒತ್ತಕ್ಷರ ಜಾಸ್ತಿ ಇರುವ ಒಂದು ಕನ್ನಡ ಪ್ಯಾರಾ ಹಾಕಿ. ಎಲ್ಲವನ್ನೂ ಡೌನ್‌ಲೋಡ್ ಮಾಡಿ, ಆ ಆ್ಯಪ್ ಇಲ್ಲದ ಇನ್ನೊಂದು ಕಂಪ್ಯೂಟರ್‌ನಲ್ಲಿ ತೆರೆಯಿರಿ. ದನಿ ಕೇಳಬೇಕು, ಅಕ್ಷರ ನಕಲು ಮಾಡಲು ಬರಬೇಕು, ಫೋಟೋ ಮೂಲ ಗಾತ್ರದಲ್ಲೇ ಇರಬೇಕು. ಆಮೇಲೆ ಆ ವಿದ್ಯಾರ್ಥಿಯನ್ನು ಅಳಿಸಿ, ಹಳೇ ಲಿಂಕ್ ಇನ್ನೂ ತೆರೆಯುತ್ತದೆಯಾ ನೋಡಿ. ಬಳಕೆ ಶುರುವಾದ ಮೇಲೆ ಪ್ರತಿ ಪಾಠ ಮುಗಿದಾಗ ಒಂದು ಪ್ರತಿ ಇಳಿಸಿ ಶಾಲೆಯ ಕಂಪ್ಯೂಟರ್‌ನಲ್ಲಿ ಇಡಿ. ಆ್ಯಪ್ ಅಪ್‌ಡೇಟ್ ಆದಾಗಲೆಲ್ಲ ಖಾಸಗಿ ಕಿಟಕಿಯ ಪರೀಕ್ಷೆ ಮಾಡಿ, ಎರಡು ನಿಮಿಷದ ಕೆಲಸ.

ಮಕ್ಕಳ ಪೂರ್ತಿ ಹೆಸರು ಹಾಕಲೇಬೇಡಿ. ಹಾಜರಿ ಸಂಖ್ಯೆಯೋ, ಮಕ್ಕಳೇ ಆರಿಸಿಕೊಂಡ ಹಕ್ಕಿಯ ಹೆಸರೋ ಸಾಕು. ಯಾರು ಯಾರು ಅನ್ನುವ ಪಟ್ಟಿ ನಿಮ್ಮ ಹಾಜರಿ ಪುಸ್ತಕದಲ್ಲಿ ಇರಲಿ. ಹಾಗೆಯೇ ನಿಮ್ಮ ಪಾಠ, ಪ್ರಶ್ನೆಗಳ ಮೂಲ ಪ್ರತಿ ನಿಮ್ಮ ಹತ್ತಿರದ ಫೈಲ್‌ನಲ್ಲೇ ಇರಲಿ.

ಡಿಜಿಟಲ್ ಸಾಧನವೇ ಬೇಡ ಅನ್ನುವವಳು ನಾನಲ್ಲ. ಕಂಪ್ಯೂಟರ್ ಪರದೆಯ ಮೇಲೇ ಮಾಡಿ ನೋಡುವ, ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ ಫೆಟ್ (PhET) ವಿಜ್ಞಾನ ಪ್ರಯೋಗಗಳನ್ನು ಈಗಲೂ ಬಳಸುತ್ತೇನೆ. ಮಕ್ಕಳು ಲಾಗಿನ್ ಆಗಬೇಕಿಲ್ಲ, ಡೌನ್‌ಲೋಡ್ ಮಾಡಿಟ್ಟುಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತವೆ. ಶಾಲೆಯಲ್ಲಿ ಸ್ವಲ್ಪ ತಾಂತ್ರಿಕ ಸಹಾಯ ಇದ್ದರೆ ಮೂಡಲ್ ಒಳ್ಳೆಯದು. ಅದು ಆನ್‌ಲೈನ್‌ನಲ್ಲಿ ಪಾಠ ನಡೆಸುವ ಮುಕ್ತ ತಂತ್ರಾಂಶ, ಇಡೀ ಕೋರ್ಸನ್ನು ಒಂದು ಬ್ಯಾಕಪ್ ಫೈಲ್ ಮಾಡಿ ಇನ್ನೊಂದು ಮೂಡಲ್‌ಗೆ ಒಯ್ಯಬಹುದು. ನೋಟ್‌ಬುಕ್ ಕೆಲಸಕ್ಕೆ ಈಗ ನಾವು ಬಳಸುತ್ತಿರುವುದು ಶಾಲೆಯ ಕಂಪ್ಯೂಟರ್‌ನಲ್ಲಿ ಮಗುವಿಗೊಂದು ಫೋಲ್ಡರ್, ಟ್ಯಾಬ್‌ನಲ್ಲೇ ಇರುವ ಕ್ಯಾಮೆರಾ ಮತ್ತು ರೆಕಾರ್ಡರ್. ನೋಡಲು ಅಷ್ಟು ಚೆಂದ ಇಲ್ಲ, ಬಣ್ಣಬಣ್ಣದ ಬ್ಯಾಡ್ಜ್ ಬರಲ್ಲ. ಆದರೆ ಮಕ್ಕಳು ಮಾತಾಡಿದ್ದು ನಮ್ಮ ಹತ್ತಿರವೇ ಉಳಿಯುತ್ತದೆ.

ಬ್ಯಾಡ್ಜ್ ಅಂದಾಗ ನೆನಪಾಯಿತು. ಇಂಥ ಕಂಪನಿಗಳು ಶಿಕ್ಷಕರಿಗೆ ‘ರಾಯಭಾರಿ’ ಅಂತ ಪ್ರಮಾಣಪತ್ರ ಕೊಟ್ಟು, ಬೇರೆ ಶಿಕ್ಷಕರನ್ನು ಕರೆತನ್ನಿ ಅನ್ನುತ್ತವೆ. ನನಗೂ ಆಹ್ವಾನ ಬಂದಿತ್ತು, ಒಪ್ಪಿರಲಿಲ್ಲ. ಸಹೋದ್ಯೋಗಿಗಳು ನಮ್ಮನ್ನು ನಂಬಿ ಬರುತ್ತಾರೆ, ಕಂಪನಿಯನ್ನು ನೋಡಿ ಅಲ್ಲ. ಆ ನಂಬಿಕೆಯನ್ನು ಒಂದು ಪ್ರಮಾಣಪತ್ರಕ್ಕೆ ಕೊಡಬೇಡಿ.

ನೀವು ಈಗಾಗಲೇ ಇಂಥದ್ದರಲ್ಲಿ ಸಿಕ್ಕಿಕೊಂಡಿದ್ದರೆ, ಸಿಟ್ಟಿನಲ್ಲಿ ಖಾತೆ ಅಳಿಸಬೇಡಿ. ಅಳಿಸಿದರೆ ಕೇಳುವುದಕ್ಕೂ ದಾರಿ ಇರುವುದಿಲ್ಲ. ಮೊದಲು ಎಲ್ಲ ನೋಟ್‌ಬುಕ್‌ಗಳ ಲಿಂಕ್ ಮುಚ್ಚಿ. ತೆರೆಯುವಷ್ಟನ್ನು ಒಂದೊಂದಾಗಿ ಇಳಿಸಿಕೊಳ್ಳಿ. ದನಿ ಇಳಿಯದಿದ್ದರೆ ಅದನ್ನು ಹಾಕಿ ಪಕ್ಕದಲ್ಲಿ ಇನ್ನೊಂದು ಫೋನ್ ಇಟ್ಟು ರೆಕಾರ್ಡ್ ಮಾಡಿದರೂ ಆದೀತು. ಲಾಕ್ ಆಗಿರುವುದನ್ನು ಮೂಲ ಫೈಲ್‌ಗಳಾಗಿಯೇ ಕೊಡಿ ಅಂತ ಶಾಲೆಯ ಹೆಸರಿನಲ್ಲಿ, ಮುಖ್ಯ ಶಿಕ್ಷಕರ ಸಹಿ ಹಾಕಿಸಿ ಬರೆಯಿರಿ. ಒಬ್ಬ ಶಿಕ್ಷಕರ ಮೇಲ್‌ಗಿಂತ ಅದಕ್ಕೆ ಬೇಗ ಉತ್ತರ ಬರುತ್ತದೆ, ನಮ್ಮ ವಿಷಯದಲ್ಲಿ ಹಾಗೇ ಆಯಿತು. ಕೆಲವು ಮಕ್ಕಳ ರೆಕಾರ್ಡಿಂಗ್ ಹಾಗೆ ವಾಪಸ್ ಸಿಕ್ಕವು, ಮೊಳಕೆಯ ಹುಡುಗಿಯದು ಸಿಗಲಿಲ್ಲ. ಎಲ್ಲ ಸಿಕ್ಕಿದ ಮೇಲೆ, ಮಕ್ಕಳ ಮಾಹಿತಿಯನ್ನು ನಿಮ್ಮ ಸರ್ವರ್‌ನಿಂದ ಅಳಿಸಿ, ಅಳಿಸಿದ ದಿನಾಂಕ ತಿಳಿಸಿ ಅಂತ ಇನ್ನೊಂದು ಪತ್ರ ಬರೆಯಿರಿ. ಬಂದ ಉತ್ತರದ ಪ್ರತಿಯನ್ನು ಪೋಷಕರಿಗೂ ಕೊಡಿ.