ಕಾರ್ ಕ್ಲೇಮ್: ಸರ್ವೇಯರ್ ಹತ್ತಿರ ಮಾತಾಡುವುದು ಶೋರೂಮೋ, ಆ್ಯಪೋ, ನಾವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೂರನೆಯದಕ್ಕೆ. ಕಾರಿಗೆ ಪೆಟ್ಟು ಬಿದ್ದು ಕ್ಲೇಮ್ ಹಾಕಿದ ಮೇಲೆ ಇನ್ಶೂರೆನ್ಸ್ ಕಂಪನಿಯ ಸರ್ವೇಯರ್ ಬರುತ್ತಾರಲ್ಲ, ಅವರು ಕಾರು ನೋಡುವಾಗ ನಾನು ಪಕ್ಕದಲ್ಲೇ ಇರಬೇಕು. ಕೆಲಸ ನನ್ನ ಪರಿಚಯದ ಗ್ಯಾರೇಜಿನಲ್ಲಿ ಆಗಬೇಕು. ದುಡ್ಡು ಆಮೇಲೆ ಅಕೌಂಟಿಗೆ ಬಂದರೂ ನಡೆಯುತ್ತದೆ. ಶೋರೂಮಿನ ಕ್ಯಾಶ್‌ಲೆಸ್ಸೂ (ಕಂಪನಿ ತನ್ನ ಪಾಲನ್ನು ನೇರ ಶೋರೂಮಿಗೇ ಕಟ್ಟುವುದು) ನೋಡಿದ್ದೇನೆ, ಮೊಬೈಲಿನಲ್ಲಿ ವಿಡಿಯೋ ತೋರಿಸುವ ಸರ್ವೆಯೂ ನೋಡಿದ್ದೇನೆ. ಆಮೇಲೆ ಬಂದ ತೀರ್ಮಾನ ಇದು.

ನಮ್ಮದು 1200 ಸಿಸಿ ಪೆಟ್ರೋಲ್ ಕಾರು. ಐದು ವರ್ಷ ದಾಟಿದೆ, ಝೀರೋ ಡೆಪ್ (ಪಾರ್ಟ್ ಹಳೆಯದಾಯಿತೆಂದು ದುಡ್ಡು ಕಳೆಯದ ಹೆಚ್ಚುವರಿ ಕವರ್) ಇಲ್ಲ. ಮುಂದೆ ಹೇಳುವುದೆಲ್ಲ ಈ ಲೆಕ್ಕದ ಮೇಲೇ ನಿಂತಿದೆ. ನಿಮ್ಮದು ಹೊಸ ಕಾರಾದರೆ ಅರ್ಧ ಮಾತು ನಿಮಗೆ ಹೊಂದುವುದಿಲ್ಲ.

ಮೊದಲು ಶೋರೂಮ್. ಸಿಗ್ನಲ್ ಹತ್ತಿರ ಒಂದು ಗೂಡ್ಸ್ ಗಾಡಿ ಎಡಗಡೆ ಉಜ್ಜಿಕೊಂಡು ಹೋಗಿತ್ತು. ಬಂಪರ್, ಹೆಡ್‌ಲೈಟ್, ಮುಂದಿನ ಬಾಗಿಲು, ಮೂರಕ್ಕೂ ಪೆಟ್ಟು. ಶೋರೂಮಿನಲ್ಲಿ ಕೂತ ಕಡೆಗೇ ಕಾಫಿ ಬಂತು. ಕ್ಲೇಮ್ ಫಾರಂ ಅವರೇ ತುಂಬಿದರು, ಆರ್‌ಸಿ, ಡಿಎಲ್, ಪಾಲಿಸಿ ಎಲ್ಲ ಅವರೇ ಸ್ಕ್ಯಾನ್ ಮಾಡಿಕೊಂಡರು. 'ಸರ್ವೇಯರ್ ಹತ್ತಿರ ನಾವು ಮಾತಾಡ್ತೀವಿ ಸಾರ್, ನೀವು ಟೆನ್ಷನ್ ತಗೋಬೇಡಿ' ಅಂದರು ಸರ್ವಿಸ್ ಅಡ್ವೈಸರ್. ಕೇಳುವುದಕ್ಕೆ ಹಾಯಾಗಿತ್ತು.

ಕಿರಿಕಿರಿ ಶುರುವಾಗಿದ್ದು ಹೆಡ್‌ಲೈಟಿನಿಂದ. ಮುಂದಿನಿಂದ ನೋಡಿದರೆ ಅದಕ್ಕೆ ಒಂದು ಗೀರೂ ಇರಲಿಲ್ಲ. ಆದರೆ ಹಿಂದೆ ಬಾಡಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಲಾಕ್ ಮುರಿದಿತ್ತು, ಕೈಯಲ್ಲಿ ಒತ್ತಿದರೆ ಇಡೀ ಲೈಟು ಒಳಗೆ ಹೋಗುತ್ತಿತ್ತು. ಬಂಪರ್ ಬಿಚ್ಚಿದ ಮೇಲೇ ಕಾಣುವ ಪೆಟ್ಟು ಅದು. ಸರ್ವೇಯರ್ ಬಂದು ಹೋದಾಗ ಬಂಪರ್ ಇನ್ನೂ ಬಿಚ್ಚಿರಲಿಲ್ಲವಂತೆ. ಹಾಗಾಗಿ ಅವರ ಪಟ್ಟಿಯಲ್ಲಿ ಹೆಡ್‌ಲೈಟ್ ಇಲ್ಲ.

ಇಂಥದ್ದು ದಿನಾ ಆಗುವ ವಿಷಯ, ಅದಕ್ಕೆ ದಾರಿಯೂ ಇದೆ. ಬಿಚ್ಚಿದ ಮೇಲೆ ಹೊಸದಾಗಿ ಏನು ಕಂಡರೂ ಸಪ್ಲಿಮೆಂಟರಿ ಎಸ್ಟಿಮೇಟ್ ಕಳಿಸಬೇಕು, ಸರ್ವೇಯರ್ ಮತ್ತೊಮ್ಮೆ ಬಂದೋ ಫೋಟೋ ನೋಡಿಯೋ ಸೇರಿಸುತ್ತಾರೆ. ಆದರೆ ಮಧ್ಯದಲ್ಲಿ ನಿಂತವರು ಅದನ್ನು ಕಳಿಸಬೇಕಲ್ಲ? ಅಡ್ವೈಸರ್‌ಗೆ ಫೋನ್ ಮಾಡಿದರೆ 'ಸರ್ವೇಯರ್ ಒಪ್ತಿಲ್ಲ ಸಾರ್'. ಸರ್ವೇಯರ್ ನಂಬರ್ ಕೊಡಿ ಅಂದರೆ 'ಅವರು ಕಸ್ಟಮರ್ ಜೊತೆ ಮಾತಾಡಲ್ಲ'. ಕಂಪನಿಯ ಹೆಲ್ಪ್‌ಲೈನಿಗೆ ಕೇಳಿದೆ, ನಂಬರ್ ತಕ್ಷಣ ಎಸ್‌ಎಂಎಸ್‌ನಲ್ಲಿ ಬಂತು. ಸರ್ವೇಯರ್ ಫೋನ್ ಎತ್ತಿ ಸಮಾಧಾನವಾಗಿ ಹೇಳಿದರು: 'ಹೆಡ್‌ಲೈಟ್ ಎಸ್ಟಿಮೇಟಿನಲ್ಲೇ ಇಲ್ವಲ್ಲ ಸರ್. ಫೋಟೋ ಕಳಿಸೋಕೆ ಹೇಳಿ, ನೋಡ್ತೀನಿ.'

ನನಗೆ ಸಿಟ್ಟು ಬಂದಿದ್ದು ಅಲ್ಲೇ. ಒಪ್ಪದವರು ಅಂತ ಯಾರನ್ನು ನಾನು ಮನಸ್ಸಿನಲ್ಲೇ ಬೈಯುತ್ತಿದ್ದೆನೋ ಅವರಿಗೆ ವಿಷಯವೇ ತಲುಪಿರಲಿಲ್ಲ. ಫೋಟೋ ಹೋಯಿತು, ಹೆಡ್‌ಲೈಟ್ ಸೇರಿತು, ಕಾರು ಮಾತ್ರ ಅಷ್ಟೂ ಹೊತ್ತು ಬಂಪರ್ ಇಲ್ಲದೆ ಮೂಲೆಯಲ್ಲಿ ನಿಂತಿತ್ತು.

ಬಾಗಿಲಿನದು ಇನ್ನೊಂದು ಕಥೆ, ಇದು ದುಡ್ಡಿನದು. ಶೋರೂಮ್ ಹೊಸ ಬಾಗಿಲು ಬೇಕೆಂದು ಬರೆದಿತ್ತು. ಸರ್ವೇಯರ್ ರಿಪೇರಿ ಸಾಕು ಅಂದಿದ್ದರು. ಹೊಸದು ಕೊಡಿಸದ ಸರ್ವೇಯರ್ ಜಿಪುಣ ಅಂತ ತಾನೇ ನಾವು ಅಂದುಕೊಳ್ಳುವುದು? ಲೆಕ್ಕ ಹಾಕಿ ನೋಡಿ. ಐದರಿಂದ ಹತ್ತು ವರ್ಷದ ಕಾರಿನಲ್ಲಿ ಲೋಹದ ಹೊಸ ಪಾರ್ಟ್ ಹಾಕಿದರೆ ಸಾಮಾನ್ಯ ಪಾಲಿಸಿ ಅದರ ಬೆಲೆಯಲ್ಲಿ 40% ಸವಕಳಿ ಅಂತ ಕಳೆಯುತ್ತದೆ. ಪ್ಲಾಸ್ಟಿಕ್, ರಬ್ಬರ್, ಬ್ಯಾಟರಿ, ಟೈರಿಗೆ ಕಾರು ಎಷ್ಟೇ ಹಳೆಯದಿರಲಿ 50%. ಗಾಜಿಗೆ ಏನೂ ಕಳೆಯುವುದಿಲ್ಲ. (ಹೆಡ್‌ಲೈಟ್ ಗಾಜು ಅಂತ ವಾದಕ್ಕಿಳಿಯಬೇಡಿ, ಈಗಿನವು ಪ್ಲಾಸ್ಟಿಕ್.) ಲೇಬರ್‌ಗೂ ಕಳೆಯುವುದಿಲ್ಲ. ಪೇಂಟಿಂಗ್ ಬಿಲ್ ಒಟ್ಟಾಗಿ ಬಂದರೆ ಅದರಲ್ಲಿ ಕಾಲು ಭಾಗ ಸಾಮಗ್ರಿ ಅಂತ ಹಿಡಿದು, ಆ ಕಾಲು ಭಾಗದ ಅರ್ಧ ಮಾತ್ರ ನಮ್ಮ ತಲೆಗೆ.

ಹೊಸ ಬಾಗಿಲು 15,000 ರೂಪಾಯಿ ಅನ್ನಿ. ನನ್ನ ಜೇಬಿನಿಂದ 6,000. ಅದೇ ಬಾಗಿಲನ್ನು 3,500ಕ್ಕೆ ಡೆಂಟ್ ತೆಗೆದು 4,000ಕ್ಕೆ ಪೇಂಟ್ ಮಾಡಿಸಿದರೆ ಕಳೆಯುವುದು ಪೇಂಟಿನ 500 ರೂಪಾಯಿ ಮಾತ್ರ. ಇದರ ಮೇಲೆ 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ ಕಡ್ಡಾಯ ಕಡಿತ (ಪ್ರತಿ ಕ್ಲೇಮಿನಲ್ಲೂ ನಾವೇ ಹೊರಬೇಕಾದ ಪಾಲು) ಹೇಗಿದ್ದರೂ ಇದ್ದೇ ಇದೆ. ಹಾಗಾದರೆ ಸರ್ವೇಯರ್ ಯಾರ ಪರ ಇದ್ದರು? ತಿಳಿದೋ ತಿಳಿಯದೆಯೋ ನನ್ನ ಪರ. ಹೊಸ ಬಾಗಿಲಿನಿಂದ ಲಾಭ ಇದ್ದದ್ದು ಶೋರೂಮಿಗೆ. ಝೀರೋ ಡೆಪ್ ಇದ್ದವರಿಗೆ ಈ ಲೆಕ್ಕ ತಲೆಕೆಳಗು, ಅವರು ಹೊಸದನ್ನೇ ಕೇಳಲಿ.

ಕ್ಯಾಶ್‌ಲೆಸ್ ಅಂದರೆ ಸೊನ್ನೆ ರೂಪಾಯಿ ಅಂತ ಇನ್ನೂ ಎಷ್ಟೋ ಜನ ನಂಬಿದ್ದಾರೆ. ಡೆಲಿವರಿ ದಿನ ಸವಕಳಿ, ಕಡಿತ, ಕ್ಲಿಪ್ಪು, ನಟ್ಟು, ಕೂಲಂಟ್ ಎಲ್ಲ ಸೇರಿದ ಬಿಲ್ ಕೈಗೆ ಬರುತ್ತದೆ. ಜೊತೆಗೆ, ಕೆಲಸ ತೃಪ್ತಿಕರವಾಗಿದೆ ಅಂತ ಒಂದು ಕಾಗದ. ಕಾರನ್ನು ಒಂದು ಸುತ್ತು ಓಡಿಸಿ ನೋಡುವ ಮೊದಲು ಅದಕ್ಕೆ ಸೈನ್ ಹಾಕಬೇಡಿ.

ಎರಡನೆಯದು ಆ್ಯಪ್. ಹೆಚ್ಚು ಹೇಳುವುದಕ್ಕಿಲ್ಲ. ರಿವರ್ಸ್‌ನಲ್ಲಿ ಹಿಂದಿನ ಬಂಪರ್ ಕಂಬಕ್ಕೆ ತಾಗಿತ್ತು. ಲಿಂಕ್ ಬಂತು, ಕಾರಿನ ಸುತ್ತ ನಡೆಯುತ್ತಾ ವಿಡಿಯೋ ಮಾಡಿದೆ, ಮಧ್ಯಾಹ್ನದೊಳಗೆ ಮೊತ್ತ ಹೇಳಿದರು. ಪೆಟ್ಟು ಹೊರಗೆ ಮಾತ್ರ ಇದ್ದರೆ ಇದನ್ನು ಮೀರಿಸುವುದು ಬೇರೆ ಇಲ್ಲ. ನಷ್ಟ 50,000 ರೂಪಾಯಿ ಮುಟ್ಟಿದರೆ ಲೈಸೆನ್ಸ್ ಇರುವ ಸರ್ವೇಯರ್ ನೋಡಲೇಬೇಕೆಂದು ನಿಯಮ ಇದೆ. ಅದಕ್ಕಿಂತ ಕೆಳಗಿನದನ್ನು ಕಂಪನಿ ಹೀಗೆ ಮುಗಿಸಬಹುದು. ಆದರೆ ಆ ಹೆಡ್‌ಲೈಟಿನ ಲಾಕನ್ನು ಯಾವ ವಿಡಿಯೋದಲ್ಲಿ ತೋರಿಸುವುದು? ಅಲ್ಲದೆ ಇಂಥ ಚಿಲ್ಲರೆ ಪೆಟ್ಟಿಗೆ ಕ್ಲೇಮ್ ಹಾಕುವುದೇ ಲಾಸ್ ಆಗಬಹುದು. ಒಂದು ಕ್ಲೇಮ್ ಹಾಕಿದರೆ ಸಾಕು, 20%ರಿಂದ ಏರುತ್ತಾ 50%ವರೆಗೆ ಹೋಗುವ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಹಾಕದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಸೊನ್ನೆಗೆ ಬರುತ್ತದೆ. ರಿನ್ಯೂವಲ್ ಪ್ರೀಮಿಯಂ ಪಕ್ಕದಲ್ಲಿಟ್ಟುಕೊಂಡು ನೋಡಿ.

ಇನ್ನು ನನ್ನ ಫೇವರಿಟ್. ಬಲಗಡೆ ಫೆಂಡರ್, ಮತ್ತೆ ಬಾಗಿಲು. (ನಮ್ಮ ಕಾರಿನ ಬಾಗಿಲುಗಳ ಜಾತಕವೇ ಸರಿ ಇಲ್ಲ.) ಮಾಮೂಲಿ ಗ್ಯಾರೇಜಿಗೆ ಬಿಟ್ಟು, ಕಂಪನಿಗೆ ಫೋನ್ ಮಾಡಿ, ರೀಇಂಬರ್ಸ್‌ಮೆಂಟ್ (ಮೊದಲು ನಾನು ಕಟ್ಟಿ ಆಮೇಲೆ ಕಂಪನಿಯಿಂದ ಪಡೆಯುವುದು) ಅಂತ ಹೇಳಿದೆ. ಸರ್ವೇಯರ್ ನೋಡುವ ತನಕ ಒಂದು ಸ್ಕ್ರೂ ಕೂಡ ಮುಟ್ಟಬಾರದು ಅಂತ ಗ್ಯಾರೇಜಿನವರಿಗೆ ಹೇಳಿಟ್ಟೆ. ಸರ್ವೇಯರ್ ಬರುವ ಟೈಮ್ ಮೊದಲೇ ಕೇಳಿಕೊಂಡು ನಾನೂ ಹೋದೆ.

ಸರ್ವೇಯರ್ ಮೊದಲು ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರು. ಆಮೇಲೆ ಆ್ಯಕ್ಸಿಡೆಂಟ್ ಹೇಗಾಯಿತು ಅಂತ ಕೇಳಿದರು. ಫಾರಮ್ಮಿನಲ್ಲಿ ಬರೆದದ್ದನ್ನೇ ಹೇಳಿದೆ, ಒಂದು ಮಾತು ಜಾಸ್ತಿ ಇಲ್ಲ, ಕಮ್ಮಿ ಇಲ್ಲ. ಅವರು ಬಗ್ಗಿ ಗೀರಿನ ಮೇಲೆ ಬೆರಳಾಡಿಸಿದರು. ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿಗೆ ಬಂದು ಬೆರಳು ನಿಂತಿತು. ಅಲ್ಲಿದ್ದ ಗೀರಿನೊಳಗೆ ಧೂಳು ಕೂತು ಕಪ್ಪಾಗಿತ್ತು, ಅಂಚಿನಲ್ಲಿ ತುಕ್ಕು. 'ಇದು ಹಳೇದು ಸರ್, ಇದಕ್ಕೂ ಕ್ಲೇಮಿಗೂ ಸಂಬಂಧ ಇಲ್ಲ' ಅಂದೆ. ತಲೆಯಾಡಿಸಿ ಬರೆದುಕೊಂಡರು. ಅಲ್ಲಿಂದ ಮುಂದೆ ಮಾತಿನ ಧಾಟಿಯೇ ಬದಲಾಯಿತು. ನಾನು ತೋರಿಸಿದ್ದನ್ನೆಲ್ಲ ಕೂತು ನೋಡಿದರು. ಫೆಂಡರ್ ಬಿಚ್ಚಿಸಿ, ಒಳಗಿನ ಬ್ರಾಕೆಟ್ ಬಗ್ಗಿದ್ದನ್ನೂ ಅಲ್ಲೇ ಸೇರಿಸಿದರು. ಬಾಗಿಲು ರಿಪೇರಿ ಸಾಕು ಅಂತ ನಾನೇ ಹೇಳಿದಾಗ ಅವರಿಗೆ ಸ್ವಲ್ಪ ಆಶ್ಚರ್ಯ ಆದಂತಿತ್ತು.

ಲೈಸೆನ್ಸ್ ಇರುವ ಸರ್ವೇಯರ್ ತಮ್ಮ ವರದಿಯ ಪ್ರತಿಯನ್ನು ನಮಗೂ ಕೊಡಬೇಕು, ಅವರು ಹಾಕಿದ ನಷ್ಟದ ಮೊತ್ತಕ್ಕೆ ನಮ್ಮ ಒಪ್ಪಿಗೆ ಇದೆಯೋ ಇಲ್ಲವೋ ಅಂತ ಅದರಲ್ಲಿ ಬರೆಯಬೇಕು. ಶೋರೂಮಿನಲ್ಲಿ ಇದನ್ನು ಯಾರೂ ಹೇಳಿರಲಿಲ್ಲ. ಇಲ್ಲಿ ಕೇಳಿದೆ, ಕೊಟ್ಟರು. ಪಾರ್ಟ್ ಪಾರ್ಟಿಗೂ ಎಷ್ಟು ಕಳೆದಿದ್ದಾರೆ ಅಂತ ಅದರಲ್ಲೇ ಕಾಣುತ್ತದೆ.

ಇದರಲ್ಲೂ ತೊಂದರೆ ಇದೆ. ಪೂರ್ತಿ ಬಿಲ್ ಮೊದಲು ನಾವೇ ಕಟ್ಟಬೇಕು. ಗ್ಯಾರೇಜಿನವರು ಜಿಎಸ್‌ಟಿ ಬಿಲ್ ಕೊಡುವವರಾಗಿರಬೇಕು, ಬಿಳಿ ಹಾಳೆಯ ಚೀಟಿ ನಡೆಯುವುದಿಲ್ಲ. ಬದಲಾಯಿಸಿದ ಹಳೆ ಪಾರ್ಟ್‌ಗಳನ್ನು ಮರು ತಪಾಸಣೆ ಮುಗಿಯುವ ತನಕ ಗುಜರಿಗೆ ಹಾಕದಂತೆ ನೋಡಿಕೊಳ್ಳಬೇಕು. ಆಫೀಸಿಗೆ ಅರ್ಧ ದಿನ ರಜೆಯೂ ಬೇಕು. ದುಡ್ಡು ತಡವಾದರೆ ಅನ್ನುವ ಭಯ ನನಗೂ ಇತ್ತು. ಇನ್ಶೂರೆನ್ಸ್ ಕಂಪನಿಗಳ ನಿಯಂತ್ರಕ ಐಆರ್‌ಡಿಎಐಯ 2024ರ ಸುತ್ತೋಲೆಯ ಪ್ರಕಾರ ಸರ್ವೇಯರ್ ನೇಮಕ 24 ಗಂಟೆಯೊಳಗೆ, ವರದಿ 15 ದಿನದೊಳಗೆ, ವರದಿ ಸಿಕ್ಕ 7 ದಿನದೊಳಗೆ ಕಂಪನಿಯ ತೀರ್ಮಾನ ಆಗಬೇಕು. ಕಂಪನಿಗೆ ಮೇಲ್ ಮಾಡುವಾಗ ಈ ಮೂರು ಅಂಕಿ ಬರೆದರೆ ಉತ್ತರ ಬೇಗ ಬರುತ್ತದೆ, ಇದು ನನ್ನ ಅನುಭವ. ಅದಕ್ಕೂ ಜಗ್ಗದೆ ತಿಂಗಳು ಕಳೆದರೆ ಇಂಥ ದೂರುಗಳನ್ನು ಕೇಳುವ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಇದ್ದಾರೆ. ನಮ್ಮ ರಾಜ್ಯದವರಿಗೆ ಬೆಂಗಳೂರಿನಲ್ಲೇ ಕಚೇರಿ, ಫೀಸಿಲ್ಲ, ವಕೀಲರೂ ಬೇಡ. ನನಗೆ ಅಲ್ಲಿಗೆ ಹೋಗುವ ಪ್ರಸಂಗ ಬರಲಿಲ್ಲ.

ನನಗೆ ಇದು ಹೊಂದಿಕೊಂಡಿದ್ದಕ್ಕೆ ಕಾರಣಗಳಿವೆ. ಗ್ಯಾರೇಜ್ ಆಫೀಸಿನ ದಾರಿಯಲ್ಲಿದೆ. ಕಾರಿಲ್ಲದಿದ್ದರೆ ಸ್ಕೂಟರ್ ಇದೆ. ಎಫ್‌ಡಿ ಮುಟ್ಟದೆ ಒಂದು ತಿಂಗಳು ಮೂವತ್ತು ಸಾವಿರ ಸುಧಾರಿಸಬಲ್ಲೆ. ಬಿಲ್ ಒಂದೂವರೆ ಲಕ್ಷ ಬಂದರೆ ನಾನೂ ಕ್ಯಾಶ್‌ಲೆಸ್ ಕಡೆಗೇ ಹೋಗುತ್ತೇನೆ. ರಿಪೇರಿ ಖರ್ಚು ಐಡಿವಿಯ (ಪಾಲಿಸಿಯಲ್ಲಿ ಬರೆದ ಕಾರಿನ ಬೆಲೆ) 75% ದಾಟುವ ಹಾಗಿದ್ದರೆ ಅದು ಟೋಟಲ್ ಲಾಸ್ ಲೆಕ್ಕ, ಅಂದರೆ ಕಾರು ಪೂರ್ತಿ ಹೋದಂತೆ, ಅಲ್ಲಿ ಗ್ಯಾರೇಜ್ ಯಾವುದು ಅನ್ನುವ ಪ್ರಶ್ನೆಯೇ ಇಲ್ಲ.

ತಂಗಿಯ ಹೊಸ ಕಾರಿಗೆ ಝೀರೋ ಡೆಪ್ ಇದೆ. ಅದಕ್ಕೇನಾದರೂ ಆದರೆ ಶೋರೂಮಿಗೇ ಬಿಡು ಅಂದಿದ್ದೇನೆ. ಆದರೆ ಸರ್ವೇಯರ್ ನಂಬರನ್ನು ಹೆಲ್ಪ್‌ಲೈನಿನಿಂದಲೇ ತಗೋ, ಅವರು ಬರುವ ದಿನ ನನಗೊಂದು ಫೋನ್ ಮಾಡು ಅಂತಲೂ ಹೇಳಿಟ್ಟಿದ್ದೇನೆ.